ಬೋಲ್ಟ್ ಮಾಡುವವರಿಗೆ ‘ಕಾರ್ಬನ್ ನ್ಯೂಟ್ರಲ್’ ಸರ್ಟಿಫಿಕೇಟ್ ಬೇಕಾ?

ಪೀಣ್ಯ_ಬೋಲ್ಟ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಫ್ಯಾಕ್ಟರಿ ಇದೆ. ಬೋಲ್ಟ್, ಸ್ಕ್ರೂ ಮಾಡುತ್ತೇವೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ವರ್ಷಕ್ಕೆ ಸುಮಾರು 400 ಟನ್ ಉಕ್ಕಿನ ವೈರ್ ರಾಡ್ ಬೇಕಾಗುತ್ತದೆ. ಅರ್ಧ ಮಾಲು ಜರ್ಮನಿಗೆ ಹೋಗುತ್ತದೆ.

ಹೋದ ವಾರ ಅಲ್ಲಿನ ಗಿರಾಕಿ ಒಂದು ಎಕ್ಸೆಲ್ ಶೀಟ್ ಕಳಿಸಿದರು. ಒಂದು ಟನ್ ಬೋಲ್ಟ್‌ಗೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ತುಂಬಿ ಕಳಿಸಿ ಅಂತ. ಅದೇ ಹೊತ್ತಿಗೆ ಒಬ್ಬ ಕನ್ಸಲ್ಟೆಂಟ್ ಬಂದು, ಮೂರೂವರೆ ಲಕ್ಷ ಕೊಡಿ, ಎರಡು ತಿಂಗಳಲ್ಲಿ ‘ಕಾರ್ಬನ್ ನ್ಯೂಟ್ರಲ್’ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ, ಕಾರ್ಬನ್ ಕ್ರೆಡಿಟ್ (ಬೇರೆಲ್ಲೋ ಹೊಗೆ ಕಡಿಮೆ ಮಾಡುವ ಯೋಜನೆಗೆ ದುಡ್ಡು ಕೊಟ್ಟು, ನಮ್ಮ ಹೊಗೆಗೆ ಸರಿದೂಗಿಸಿಕೊಳ್ಳುವುದು) ಕೊಳ್ಳುವ ಖರ್ಚೂ ಅದರಲ್ಲೇ ಬಂತು ಅಂದರು. ಆರ್ಡರ್ ಕೈತಪ್ಪಬಾರದು, ಕೊಟ್ಟುಬಿಡು ಅಂತಾರೆ ಅಪ್ಪ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇದನ್ನೆಲ್ಲ ಮಾಡಿಸಿದವರು ಯಾರಾದರೂ ಇದ್ದೀರಾ?

ಸವಿತಾ_ಎನರ್ಜಿ_ಆಡಿಟ್

ಈಗಲೇ ದುಡ್ಡು ಕೊಡಬೇಡಿ ಸರ್. ನಿಮ್ಮ ಗಿರಾಕಿ ಕೇಳಿರುವುದು ಸರ್ಟಿಫಿಕೇಟ್ ಅಲ್ಲ, ಲೆಕ್ಕ. ಅದು ಯುರೋಪಿನ ಸಿಬಿಎಎಂ ಫಾರಂ ಇರಬೇಕು. ಹೊರಗಿನಿಂದ ಬರುವ ಸರಕಿಗೆ ಅವರ ಗಡಿಯಲ್ಲಿ ಹಾಕುವ ಕಾರ್ಬನ್ ಶುಲ್ಕ ಅದು. 2023ರ ಅಕ್ಟೋಬರ್‌ನಿಂದ 2025ರ ಕೊನೆವರೆಗೆ ಬರೀ ವರದಿ ಕೊಟ್ಟರೆ ಸಾಕಿತ್ತು. 2026ರ ಜನವರಿಯಿಂದ ಹಣದ ಲೆಕ್ಕ ಶುರು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಹೈಡ್ರೋಜನ್, ವಿದ್ಯುತ್ ಇದರಲ್ಲಿವೆ. ಬೋಲ್ಟು, ನಟ್ಟು, ಸ್ಕ್ರೂ ಕೂಡ ಉಕ್ಕಿನ ಪಟ್ಟಿಯಲ್ಲೇ ಬರುತ್ತವೆ.

ಮುಖ್ಯ ಮಾತು ಏನೆಂದರೆ, ಈ ಲೆಕ್ಕದಲ್ಲಿ ಕೊಂಡು ತಂದ ಕ್ರೆಡಿಟ್ ನಡೆಯುವುದಿಲ್ಲ. ನೀವು ಎಲ್ಲೋ ಕಾಡು ಬೆಳೆಸಲು ದುಡ್ಡು ಕೊಟ್ಟಿದ್ದೀರಿ ಅಂತ ಅಲ್ಲಿನ ಶುಲ್ಕದಲ್ಲಿ ಒಂದು ಯೂರೋ ಕೂಡ ಕಡಿಮೆಯಾಗುವುದಿಲ್ಲ. ಆ ಮೂರೂವರೆ ಲಕ್ಷ ನಿಮ್ಮ ಗಿರಾಕಿಯ ಪ್ರಶ್ನೆಗೆ ಉತ್ತರವೇ ಅಲ್ಲ.

ತಿಂಗಳಿಗೆ ಕರೆಂಟ್ ಎಷ್ಟು ಯೂನಿಟ್? ಜನರೇಟರ್‌ಗೆ ಡೀಸೆಲ್ ಎಷ್ಟು? ಹೀಟ್ ಟ್ರೀಟ್‌ಮೆಂಟ್ ನಿಮ್ಮಲ್ಲೇನಾ?

ಪೀಣ್ಯ_ಬೋಲ್ಟ್

ಸರಾಸರಿ 12,000 ಯೂನಿಟ್ ಮೇಡಂ. ಡೀಸೆಲ್ 300 ಲೀಟರ್. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಎರಡೂ ಹೊರಗೆ ಕೊಡುತ್ತೇವೆ.

ಸವಿತಾ_ಎನರ್ಜಿ_ಆಡಿಟ್

ಹಾಗಾದರೆ ಇಲ್ಲೇ ಒರಟು ಲೆಕ್ಕ ಹಾಕೋಣ. ಪೆನ್ನು ಹಿಡಿದು ನೀವೂ ಜೊತೆಗೆ ಮಾಡಿ.

ನಿಮ್ಮ ಗೇಟಿನೊಳಗೆ ಉರಿಯುವುದು ಸ್ಕೋಪ್ 1. ಡೀಸೆಲ್ ವರ್ಷಕ್ಕೆ 3,600 ಲೀಟರ್. ಒಂದು ಲೀಟರ್ ಉರಿದರೆ ಕಾರ್ಬನ್ ಡೈಆಕ್ಸೈಡ್ ಸುಮಾರು 2.68 ಕೆ.ಜಿ. ಹಾಗಾಗಿ 9.6 ಟನ್.

ಕೊಳ್ಳುವ ಕರೆಂಟ್ ಸ್ಕೋಪ್ 2. ವರ್ಷಕ್ಕೆ 1,44,000 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರ 2023-24ಕ್ಕೆ ದೇಶದ ಗ್ರಿಡ್‌ಗೆ ಕೊಟ್ಟ ಅಂಕಿ ಯೂನಿಟ್‌ಗೆ 0.727 ಕೆ.ಜಿ. ಅಲ್ಲಿಗೆ ಸುಮಾರು 105 ಟನ್.

ಉಳಿದದ್ದೆಲ್ಲ ಸ್ಕೋಪ್ 3. ಅದರಲ್ಲಿ 15 ಬಗೆ ಇವೆ, ನಿಮಗೆ ದೊಡ್ಡದು ಒಂದೇ: ನೀವು ಕೊಳ್ಳುವ ಉಕ್ಕು. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ ಕಾರ್ಬನ್ ಡೈಆಕ್ಸೈಡ್. ನಿಮ್ಮ 400 ಟನ್‌ಗೆ 1,000 ಟನ್!

ಅಂದರೆ ಫ್ಯಾಕ್ಟರಿಯ ಡೀಸೆಲ್, ಕರೆಂಟ್ ಎಲ್ಲ ಸೇರಿ 115 ಟನ್. ರಾಡ್ ನಿಮ್ಮ ಗೇಟಿಗೆ ಬರುವ ಹೊತ್ತಿಗೇ 1,000 ಟನ್ ಹೊತ್ತುಕೊಂಡು ಬಂದಿರುತ್ತದೆ. ಸಿಬಿಎಎಂನಲ್ಲಂತೂ ಬೋಲ್ಟಿನ ಲೆಕ್ಕಕ್ಕೆ ನೀವು ಬಳಸುವ ಕರೆಂಟ್ ಸೇರುವುದೇ ಇಲ್ಲ, ರಾಡ್‌ನದ್ದು ಸೇರುತ್ತದೆ. ನಿಮ್ಮ ಪ್ರಶ್ನೆ ಹೋಗಬೇಕಾದ್ದು ರಾಡ್ ಡೀಲರ್ ಹತ್ತಿರ. ಇದು ಯಾವ ಮಿಲ್‌ನದು, ಅದಿರಿನಿಂದ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸ್‌ನದಾ, ಗುಜರಿ ಕರಗಿಸಿದ್ದಾ ಅಂತ ಕೇಳಿ. ನಿಜವಾದ ಅಂಕಿ ಸಿಗದಿದ್ದರೆ ಯುರೋಪಿನವರು ತಮ್ಮದೇ ಡಿಫಾಲ್ಟ್ ಅಂಕಿ ತೆಗೆದುಕೊಂಡು, ಅದರ ಮೇಲೆ ಇನ್ನಷ್ಟು ಸೇರಿಸುತ್ತಾರೆ. ಹೊರಗೆ ಕೊಡುವ ಹೀಟ್ ಟ್ರೀಟ್‌ಮೆಂಟ್ ಕುಲುಮೆಯ ಲೆಕ್ಕವನ್ನೂ ಬಿಡಬೇಡಿ.

ಎಕ್ಸ್‌ಪೋರ್ಟ್_ಪಾಟೀಲ

ಒಂದು ಸೇರಿಸ್ತೀನಿ. ವರ್ಷಕ್ಕೆ ಇಂಥ ಸರಕು ಒಟ್ಟು 50 ಟನ್ ದಾಟದ ಆಮದುದಾರರಿಗೆ ವಿನಾಯಿತಿ ಇದೆ. 2025ರಲ್ಲಿ ನಿಯಮ ಬದಲಾಯಿತು. ಆದರೆ ಆ 50 ಟನ್ ನಿಮ್ಮೊಬ್ಬರ ಮಾಲಿನ ಲೆಕ್ಕ ಅಲ್ಲ, ಅವರು ಎಲ್ಲರಿಂದ ತರಿಸುವ ಮಾಲಿನ ಲೆಕ್ಕ. ಗಿರಾಕಿಯನ್ನೇ ಕೇಳಿಬಿಡಿ.

ಮಾಗಡಿ_ಮಂಜು

ಸವಿತಾ ಮೇಡಂ, ಕ್ರೆಡಿಟ್ ಅಂದರೆ ಎಲ್ಲವೂ ಮೋಸ ಅನ್ನೋ ಹಾಗೆ ಜನ ಮಾತಾಡ್ತಾರೆ, ಅದು ನನಗೆ ಬೇಜಾರು. ನಮ್ಮ ದೊಡ್ಡಮ್ಮನ ಮನೆಗೆ ಇಂಥದೇ ಒಂದು ಯೋಜನೆಯಲ್ಲಿ ಗೋಬರ್ ಗ್ಯಾಸ್ ಬಂತು. ಬೆಳಿಗ್ಗೆ ಎರಡು ಬುಟ್ಟಿ ಸಗಣಿ ಕಲಸಿ ಹಾಕಿದರೆ ಮಧ್ಯಾಹ್ನದ ಸಾರು, ಮುದ್ದೆ ಎರಡೂ ಆಗುತ್ತೆ. ಅದಕ್ಕೆ ಮುಂಚೆ ಅಡುಗೆ ಮನೆ ಗೋಡೆ ಕಪ್ಪಗೆ ಮಸಿ ಹಿಡಿದಿತ್ತು. ದೊಡ್ಡಮ್ಮನ ಕಣ್ಣು ಸದಾ ಕೆಂಪು. ಯಾವುದೋ ಕಂಪನಿ ಕ್ರೆಡಿಟ್ ಕೊಳ್ಳದಿದ್ದರೆ ಆ ತೊಟ್ಟಿ ಕಟ್ಟಲು ದುಡ್ಡು ಎಲ್ಲಿಂದ ಬರುತ್ತಿತ್ತು ಹೇಳಿ? 2020ರಲ್ಲಿ ಇನ್ಫೋಸಿಸ್ ಕಾರ್ಬನ್ ನ್ಯೂಟ್ರಲ್ ಅಂತ ಘೋಷಿಸಿದ್ದೂ ಹಳ್ಳಿಗಳ ಇಂಥ ಯೋಜನೆಗಳನ್ನು ನೆಚ್ಚಿಕೊಂಡೇ ಅಲ್ವಾ?

ಸವಿತಾ_ಎನರ್ಜಿ_ಆಡಿಟ್

ಮಂಜು ಅವರೇ, ದೊಡ್ಡಮ್ಮನ ಗೋಬರ್ ಗ್ಯಾಸ್ ನಿಜವಾದ ಕೆಲಸ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇನ್ಫೋಸಿಸ್ ಉದಾಹರಣೆಯನ್ನು ಪೂರ್ತಿ ನೋಡಬೇಕು. ಅವರು ಕ್ರೆಡಿಟ್‌ನಿಂದ ಶುರು ಮಾಡಲಿಲ್ಲ. ಹೈದರಾಬಾದಿನಲ್ಲಿ ಒಂದು ಕಟ್ಟಡವನ್ನು ಸರಿಯಾಗಿ ಎರಡು ಭಾಗ ಮಾಡಿ, ಒಂದರಲ್ಲಿ ಮಾಮೂಲಿ ಎ.ಸಿ., ಇನ್ನೊಂದರಲ್ಲಿ ಚಾವಣಿಯ ಕಾಂಕ್ರೀಟಿನೊಳಗೆ ಕೊಳವೆ ಹಾಕಿ ತಣ್ಣೀರು ಹರಿಸಿದರು. ಎರಡಕ್ಕೂ ಬೇರೆ ಬೇರೆ ಮೀಟರ್. ತಣ್ಣೀರಿನ ಕಡೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಕರೆಂಟ್ ಹಿಡಿಯಿತು. ಮೊದಲು ಅಳೆದರು, ಆಮೇಲೆ ಕಡಿಮೆ ಮಾಡಿದರು, ಆಗಲೂ ಉಳಿದದ್ದಕ್ಕೆ ಕ್ರೆಡಿಟ್. ಕನ್ಸಲ್ಟೆಂಟ್ ಇವರಿಗೆ ಹೇಳುತ್ತಿರುವುದು ಮೊದಲ ಎರಡನ್ನೂ ಬಿಟ್ಟು ನೇರ ಮೂರನೆಯದು.

ಇನ್ನೊಂದು ವಿಷಯ. ಯುರೋಪಿನಲ್ಲಿ 2026ರ ಸೆಪ್ಟೆಂಬರ್ 27ರಿಂದ ಗ್ರಾಹಕರಿಗೆ ಮಾರುವ ವಸ್ತುವಿನ ಮೇಲೆ ಬರೀ ಕ್ರೆಡಿಟ್ ತೋರಿಸಿ ‘ನ್ಯೂಟ್ರಲ್’ ಅಂತ ಬರೆಯುವ ಹಾಗಿಲ್ಲ. ಆ ಪದದ ಬೆಲೆ ಅಲ್ಲೇ ಇಳಿಯುತ್ತಿದೆ.

ಮಾಗಡಿ_ಮಂಜು

ಕ್ರಮ ಮುಖ್ಯ ಅನ್ನೋದು ಒಪ್ಪಿದೆ. ಆದರೂ ಎಲ್ಲರೂ ಕ್ರೆಡಿಟ್ ಬೇಡ ಅಂದರೆ ಹಳ್ಳಿಗೆ ಆ ದುಡ್ಡು ನಿಲ್ಲುತ್ತೆ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇಲ್ಲ.

ಗಾರ್ಮೆಂಟ್ಸ್_ಮೇಂಟೆನೆನ್ಸ್

ನಾನು ಒಂದು ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಎಲ್ಲರೂ ಮರೆಯುವುದು ಎ.ಸಿ. ಗ್ಯಾಸ್. ಆರ್-410ಎ ಒಂದು ಕೆ.ಜಿ. ಸೋರಿದರೆ 2,088 ಕೆ.ಜಿ. ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಹೋದ ವರ್ಷ ನಮ್ಮ ಸರ್ವಿಸ್ ಬಿಲ್‌ಗಳನ್ನು ಕೂತು ತಿರುವಿ ಹಾಕಿದೆ. ‘ಗ್ಯಾಸ್ ಟಾಪ್‌ಅಪ್’ ಅಂತ ಬರೆದದ್ದನ್ನೆಲ್ಲ ಕೂಡಿಸಿದರೆ 5 ಕೆ.ಜಿ. ಅಂದರೆ ಹತ್ತು ಟನ್ ಚಿಲ್ಲರೆ. ಪೀಣ್ಯದ ಅಣ್ಣನ ಇಡೀ ವರ್ಷದ ಡೀಸೆಲ್‌ಗಿಂತ ಜಾಸ್ತಿ! ಯಾರೂ ಕಳ್ಳ ಲೆಕ್ಕ ಬರೆದಿರಲಿಲ್ಲ. ಆ ಬಿಲ್ಲು ಎ.ಸಿ. ಫೈಲಿನಲ್ಲಿತ್ತು, ಕಾರ್ಬನ್ ಲೆಕ್ಕ ಬರೆಯುವವರು ಕರೆಂಟ್ ಫೈಲ್ ಮಾತ್ರ ನೋಡಿದ್ದರು.

ರಾತ್ರಿ_ಪಾಳಿ

ಲೆಕ್ಕದ ಮಾತು ಬಂತಲ್ಲ, ನನಗೆ ಒಂದು ಸಿಟ್ಟಿದೆ. ನಾನಿರುವ ಕಂಪನಿ ಓಪನ್ ಆಕ್ಸೆಸ್‌ನಲ್ಲಿ (ಗ್ರಿಡ್ ಮೂಲಕ ಉತ್ಪಾದಕರಿಂದಲೇ ನೇರ) ಸೋಲಾರ್ ಕೊಂಡು, ನಮ್ಮ ಸ್ಕೋಪ್ 2 ಹತ್ತಿರಹತ್ತಿರ ಸೊನ್ನೆ ಅಂತ ವರದಿ ಮಾಡುತ್ತದೆ. ನಾನು ಕೆಲಸ ಮಾಡುವುದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಆ ಹೊತ್ತಿಗೆ ಸೂರ್ಯ ಎಲ್ಲಿ? ನನ್ನ ಮೆಷಿನ್ ಓಡುವುದು ರಾಯಚೂರಿನಂಥ ಕಡೆ ಕಲ್ಲಿದ್ದಲು ಉರಿಸಿದ ಕರೆಂಟ್ ಕೂಡ ಸೇರಿಯೇ. ವರ್ಷದ ಕೊನೆಗೆ ಯೂನಿಟ್‌ಗೆ ಯೂನಿಟ್ ತಾಳೆ ಹಾಕಿ ಸೊನ್ನೆ ಅಂದರೆ ಅದು ನಿಜವಾ?

ಸವಿತಾ_ಎನರ್ಜಿ_ಆಡಿಟ್

ನಿಮ್ಮ ಸಿಟ್ಟು ಸರಿಯಾಗಿದೆ. ಅದಕ್ಕೇ ಕಂಪನಿಗಳ ಕಾರ್ಬನ್ ಲೆಕ್ಕಕ್ಕೆ ನಿಯಮ ಮಾಡುವ ಜಿಎಚ್‌ಜಿ ಪ್ರೋಟೋಕಾಲ್‌ನವರು 2015ರಲ್ಲಿ ಎರಡು ಅಂಕಿ ಕೊಡಿ ಅಂದರು. ನೀವಿರುವ ಗ್ರಿಡ್‌ನ ಸರಾಸರಿ ಹಿಡಿದು ಒಂದು, ನೀವು ಮಾಡಿಕೊಂಡ ಕರಾರು ಹಿಡಿದು ಇನ್ನೊಂದು. ವರದಿಯಲ್ಲಿ ಎರಡೂ ಪಕ್ಕಪಕ್ಕ ಇರಬೇಕು. ಒಂದನ್ನೇ ತೋರಿಸಿದರೆ ಇನ್ನೊಂದು ಎಲ್ಲಿ ಅಂತ ಕೇಳಿ. ಷೇರುಪೇಟೆಯಲ್ಲಿರುವ ಮೊದಲ ಸಾವಿರ ಕಂಪನಿಗಳಿಗೆ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ ಅನ್ನೋ ಪರಿಸರ, ಸಾಮಾಜಿಕ ಹೊಣೆಯ ವರದಿ ಕಡ್ಡಾಯ ಮಾಡಿದೆ. ನಿಮ್ಮ ಕಂಪನಿ ಅದರಲ್ಲಿದ್ದರೆ ವರದಿ ಸಾರ್ವಜನಿಕವಾಗಿ ಸಿಗುತ್ತದೆ, ತೆಗೆದು ನೋಡಿ.

ಪೀಣ್ಯದ ಸರ್, ನಿಮಗೊಂದು ಕೆಲಸ ಹೇಳಲಾ? ಭಾನುವಾರ ಮೆಷಿನ್ ಎಲ್ಲ ನಿಲ್ಲಿಸಿ, ಕಂಪ್ರೆಸರ್ ಮಾತ್ರ ಆನ್ ಮಾಡಿ. ಗಾಳಿ ಯಾರೂ ಬಳಸುತ್ತಿಲ್ಲ, ಆದರೂ ಅದು ಆಗಾಗ ಲೋಡ್ ಆಗುತ್ತಿದ್ದರೆ (ಗಾಳಿ ತುಂಬಲು ಶುರು ಮಾಡುತ್ತಿದ್ದರೆ) ಎಲ್ಲೋ ಸೋರುತ್ತಿದೆ ಅಂತ ಅರ್ಥ. ಲೋಡ್ ಎಷ್ಟು ಹೊತ್ತು, ಅನ್‌ಲೋಡ್ ಎಷ್ಟು ಹೊತ್ತು ಬರೆದುಕೊಳ್ಳಿ. ಇದಕ್ಕೆ ಫೋನಿನ ಸ್ಟಾಪ್‌ವಾಚ್ ಸಾಕು.

ಪೀಣ್ಯ_ಬೋಲ್ಟ್

ಭಾನುವಾರ ಮಾಡಿದೆವು ಮೇಡಂ. ನಾನು, ಅಪ್ಪ, ಜೊತೆಗೆ 22 ವರ್ಷದಿಂದ ನಮ್ಮಲ್ಲಿರುವ ಫೋರ್‌ಮನ್. ಲೋಡ್ 1 ನಿಮಿಷ 40 ಸೆಕೆಂಡ್, ಅನ್‌ಲೋಡ್ 3 ನಿಮಿಷ 20 ಸೆಕೆಂಡ್. ಮೂರು ಸಲ ನೋಡಿದೆವು, ಹೆಚ್ಚುಕಡಿಮೆ ಅಷ್ಟೇ ಬಂತು.

ಸವಿತಾ_ಎನರ್ಜಿ_ಆಡಿಟ್

ಐದು ನಿಮಿಷದಲ್ಲಿ ನೂರು ಸೆಕೆಂಡ್. ಅಂದರೆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಮೂರನೇ ಒಂದು ಭಾಗ ಸೋರಿಹೋಗುತ್ತಿದೆ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರಿನ ಒಂದು ತೂತು ಸುಮಾರು 3 ಕಿಲೋವ್ಯಾಟ್ ತಿನ್ನುತ್ತದೆ. ವರ್ಷಕ್ಕೆ 6,000 ಗಂಟೆ ಓಡಿದರೆ 18,000 ಯೂನಿಟ್, 13 ಟನ್ ಕಾರ್ಬನ್ ಡೈಆಕ್ಸೈಡ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 1.26 ಲಕ್ಷ. ಸೋಪಿನ ನೀರು ಹಚ್ಚಿ ಹುಡುಕಿ.

ಪೀಣ್ಯ_ಬೋಲ್ಟ್

ಹುಡುಕಿದೆವು. ಹನ್ನೊಂದು ಕಡೆ ಗುಳ್ಳೆ ಬಂತು. ದೊಡ್ಡದು ಥ್ರೆಡ್ ರೋಲಿಂಗ್ ಮೆಷಿನ್ ಹಿಂದೆ, ಹೋಸ್ ಕಪ್ಲಿಂಗ್‌ನಲ್ಲಿ. ಯಾರೋ ಯಾವಾಗಲೋ ಟೇಪ್ ಸುತ್ತಿದ್ದರು, ಅದು ಒಣಗಿ ಬಿರುಕು ಬಿಟ್ಟಿತ್ತು. ಫೋರ್‌ಮನ್ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, “ಈ ಸುಯ್ ಅನ್ನೋ ಸದ್ದು ನಾನು ಸೇರಿದಾಗಿನಿಂದ ಕೇಳ್ತಾ ಇದ್ದೀನಿ ಸರ್, ಮೆಷಿನ್ನಿಂದೇ ಸದ್ದು ಅಂದ್ಕೊಂಡಿದ್ದೆ” ಅಂದರು. ಏಳು ಕಡೆ ಅವತ್ತೇ ಸರಿ ಮಾಡಿದೆವು. ಉಳಿದ ನಾಲ್ಕಕ್ಕೆ ಹೊಸ ಕಪ್ಲಿಂಗ್ ತರಿಸಬೇಕು.

ಕನ್ಸಲ್ಟೆಂಟ್‌ಗೆ ಸದ್ಯಕ್ಕೆ ಬೇಡ ಅಂತ ಅಪ್ಪನೇ ಫೋನ್ ಮಾಡಿ ಹೇಳಿದರು.

ರಾಡ್ ಡೀಲರ್‌ಗೂ ಕೇಳಿದೆ. ಅವರು ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕಳಿಸಿ, ನೋಡಿ ಕಾರ್ಬನ್ 0.18 ಅಂದರು. ಅದು ಉಕ್ಕಿನೊಳಗಿರುವ ಕಾರ್ಬನ್ನಿನ ಶೇಕಡಾವಾರು, ನಾನು ಕೇಳಿದ್ದು ಚಿಮಣಿಯಿಂದ ಹೋದದ್ದು ಅಂತ ಬಿಡಿಸಿ ಹೇಳಬೇಕಾಯಿತು. ಮಿಲ್‌ಗೆ ಬರೆದು ಕೇಳುತ್ತೇನೆ ಅಂದಿದ್ದಾರೆ.

ಸವಿತಾ_ಎನರ್ಜಿ_ಆಡಿಟ್

ಮಿಲ್‌ಗೆ ಬರೆಯುವಾಗ ಸ್ಟಾರ್ ರೇಟಿಂಗ್ ಇದೆಯಾ ಅಂತಲೂ ಕೇಳಲು ಹೇಳಿ. 2024ರ ಡಿಸೆಂಬರ್‌ನಲ್ಲಿ ಉಕ್ಕು ಸಚಿವಾಲಯ ಹಸಿರು ಉಕ್ಕು ಅಂದರೇನು ಅಂತ ಗೆರೆ ಎಳೆದಿದೆ. ಒಂದು ಟನ್ ಉಕ್ಕಿಗೆ ಕಾರ್ಬನ್ ಡೈಆಕ್ಸೈಡ್ 2.2 ಟನ್‌ಗಿಂತ ಕಡಿಮೆ ಇದ್ದರೆ ಮೂರು ಸ್ಟಾರ್‌ನಿಂದ ಶುರು, 1.6ಕ್ಕಿಂತ ಕಡಿಮೆ ಇದ್ದರೆ ಐದು. ನಿಮಗೆ ಉಪಯೋಗಕ್ಕೆ ಬರುವ ಸರ್ಟಿಫಿಕೇಟ್ ಇದು. ಅದು ಇರಬೇಕಾದ್ದು ನಿಮ್ಮ ಗೋಡೆಯ ಮೇಲಲ್ಲ, ರಾಡ್ ಜೊತೆ ಬರುವ ಕಾಗದದಲ್ಲಿ.

ಪೀಣ್ಯ_ಬೋಲ್ಟ್

ಸರಿ ಮೇಡಂ, ಇವತ್ತೇ ಮೇಲ್ ಹಾಕಿಸುತ್ತೇನೆ. ನಮ್ಮ ಆಫೀಸಿನ ಎರಡು ಎ.ಸಿ.ಯ ಸರ್ವಿಸ್ ಬಿಲ್ಲೂ ಹುಡುಕಿಸ್ತಾ ಇದ್ದೀನಿ.