ಸಹಾಯ ಬೇಕು: ತಮ್ಮ ಜುಬಾದಲ್ಲಿದ್ದಾನೆ

ನಮಸ್ಕಾರ, ನಾನು ಬದಿಯಡ್ಕದವಳು. ನನ್ನ ತಮ್ಮ ದಕ್ಷಿಣ ಸುಡಾನಿನ ಜುಬಾದಲ್ಲಿ ಒಂದು ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾನೆ. ಅಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಅವರ ಎದುರಾಳಿ ನಾಯಕ ರಿಯೆಕ್ ಮಚಾರ್ 2018ರಲ್ಲಿ ಮಾಡಿಕೊಂಡ ಶಾಂತಿ ಒಪ್ಪಂದ ಈಗ ಹೆಸರಿಗಷ್ಟೇ ಉಳಿದಂತಿದೆ. 2025ರ ಮಾರ್ಚ್‌ನಲ್ಲಿ ಮಚಾರ್ ಅವರನ್ನು ಗೃಹಬಂಧನದಲ್ಲಿಟ್ಟ ಮೇಲೆ ಮತ್ತೆ ಯುದ್ಧ ಶುರುವಾಗುತ್ತದಾ ಅನ್ನೋ ಭಯ. ಒಂದು ದಿನ ಫೋನ್ ಸಿಗದಿದ್ದರೆ ಅಮ್ಮ ಅನ್ನ ಮುಟ್ಟುವುದಿಲ್ಲ.

2016ರ ಜುಲೈನಲ್ಲಿ ಜುಬಾದಲ್ಲಿ ಕಾದಾಟವಾದಾಗ ನಮ್ಮ ವಾಯುಪಡೆಯ ವಿಮಾನಗಳು ಭಾರತೀಯರನ್ನು ಕರೆತಂದಿದ್ದವು. ಆಗ ಬಂದವರು ಕಾಸರಗೋಡು, ಮಂಗಳೂರು ಕಡೆ ಯಾರಾದರೂ ಇದ್ದೀರಾ? ವಿಮಾನ ನಿಂತರೆ ಗಡಿಯಲ್ಲಿರುವ ನಿಮುಲೆ ಊರು ದಾಟಿ ಉಗಾಂಡಕ್ಕೆ ರಸ್ತೆಯಲ್ಲಿ ಹೋಗಬಹುದಾ, ಅಥವಾ ಅದೇ ಜಾಸ್ತಿ ಅಪಾಯವಾ? ಅವನ ಪಾಸ್‌ಪೋರ್ಟ್ ಮಾಲೀಕರ ಕೈಯಲ್ಲಿದೆ. ಎರಡು ಸಲ ಕೇಳಿದರೂ ಕೊಟ್ಟಿಲ್ಲ. ನನಗೆ ಅದೇ ದೊಡ್ಡ ಚಿಂತೆ. ರಾಯಭಾರ ಕಚೇರಿಗೆ ಏನಂತ ಬರೆಯಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ, ಎಷ್ಟು ಹೊತ್ತಿಗಾದರೂ ಸರಿ.