ಹಳೇ ಜೀಪ್ ಟ್ರೇಲರ್ ಹಬ್ ಅಲ್ಲಾಡ್ತಿದೆ, ಸಹಾಯ ಬೇಕು

ನಮಸ್ಕಾರ. ಸಕಲೇಶಪುರದ ಹತ್ರ ನಮ್ಮ ತೋಟದಲ್ಲಿ ಅಜ್ಜನ ಕಾಲದ ಕಾಲು ಟನ್ ಜೀಪ್ ಟ್ರೇಲರ್ ಇದೆ, ಮಿಲಿಟರಿ ಡಿಸ್ಪೋಸಲ್‌ದು. ಮಳೆಗಾಲದಲ್ಲಿ ಗೊಬ್ಬರ, ಕಾಫಿ ಮೂಟೆ ಹೊತ್ತು ಕಲ್ಲುದಾರಿ ಹತ್ತಬೇಕು, ಅದಕ್ಕೇ ರಿಪೇರಿಗೆ ಇಳಿದೆ. ತುಕ್ಕು ತೆಗೆಸಿ ತಳದ ಶೀಟ್ ಬದಲಾಯಿಸಿ ಆಯ್ತು. 6.00-16 ಟೈರ್ ಹಾಕಿದ್ದೀನಿ, ಎಳೆಯೋ ಜೀಪಿಗೂ ಅದೇ ಸೈಜು, ಸ್ಟೆಪ್ನಿ ಒಂದೇ ಸಾಕು.

ತೊಂದರೆ ಎಡಗಡೆ ಹಬ್‌ದು, ಅಂದ್ರೆ ಆಕ್ಸಲ್ ಮೇಲೆ ತಿರುಗೋ ಚಕ್ರದ ನಡುಭಾಗದ್ದು. ಟೇಪರ್ ಬೇರಿಂಗ್ ಹೊಸದು ಹಾಕಿ, ಚಕ್ರ ತಿರುಗಿಸ್ತಾ ನಟ್ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ, ನಟ್ ತಿರುಗದ ಹಾಗೆ ಕಾಟರ್ ಪಿನ್ ಹಾಕಿದೆ. ಹತ್ತು ಕಿಲೋಮೀಟರ್ ಹೋಗೋದ್ರೊಳಗೆ ಹಬ್ ಮುಟ್ಟೋಕಾಗದಷ್ಟು ಬಿಸಿ, ಚಕ್ರ ಮತ್ತೆ ಅಲ್ಲಾಡುತ್ತೆ. ಬಿಚ್ಚಿದ್ರೆ ಒಳ ಬೇರಿಂಗ್ ಕೂರೋ ಜಾಗದಲ್ಲಿ ಆಕ್ಸಲ್ ಸವೆದಿದೆ, ಉಗುರು ಎಳೆದ್ರೆ ಅಂಚು ಸಿಗುತ್ತೆ.

ಲೇತ್‌ನವರು ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿಸಿ ಟರ್ನ್ ಮಾಡೋಣ, ಅಂದ್ರೆ ಕಡೆದು ಅಳತೆಗೆ ತರೋಣ ಅಂತಾರೆ. ಆ ಬಿಸಿಗೆ ಆಕ್ಸಲ್ ಬುಡ ಬಿರುಕು ಬಿಟ್ಟು ಇಳಿಜಾರಲ್ಲಿ ಚಕ್ರವೇ ಕಳಚಿದ್ರೆ ಅನ್ನೋ ಭಯ ನನಗೆ. ಹೊಸ ಸ್ಟಬ್ (ಹಬ್ ಕೂರೋ ಆಕ್ಸಲ್ ತುದಿ) ಹಾಕಿಸೋಣ ಅಂದ್ರೆ ಮೂಲ ಆಕ್ಸಲ್ ಕತ್ತರಿಸೋಕೂ ಮನಸ್ಸು ಬರ್ತಿಲ್ಲ.

ಇಂಥ ಆಕ್ಸಲ್‌ಗೆ ವೆಲ್ಡಿಂಗ್ ತುಂಬಿಸಿ ಲೋಡ್ ಹಾಕಿ ಓಡಿಸಿದವರು ಇದ್ದೀರಾ? ತಡೀತಾ, ಇಲ್ಲಾ ಹೊಸ ಸ್ಟಬ್ ಹಾಕಿಸೋದೇ ಸರೀನಾ?