ಪೋರ್ಟೊದಲ್ಲಿ ಊರಿನವರಿಂದಲೇ ಪೋರ್ಚುಗೀಸ್ ಪದ ಕಲಿಯಬೇಕು, ಸಹಾಯ ಮಾಡಿ

ನಮಸ್ಕಾರ. ಪೋರ್ಚುಗಲ್‌ನಲ್ಲಿರುವ ಕನ್ನಡಿಗರ ಸಹಾಯ ಬೇಕು. ಸೆಪ್ಟೆಂಬರ್‌ನಲ್ಲಿ ಪೋರ್ಟೊಗೆ ಬರುತ್ತಿದ್ದೇನೆ. ಆಮೇಲೆ ರೈಲಿನಲ್ಲಿ ದೋರು ಕಣಿವೆಗೆ ಹೋಗುವ ಆಸೆ. ಆಗ ಅಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ.

ಆ್ಯಪ್‌ನಲ್ಲಿ ಕಲಿತದ್ದು ಬ್ರೆಜಿಲ್ ಪೋರ್ಚುಗೀಸ್. ರೈಲಿಗೆ ಬ್ರೆಜಿಲ್‌ನವರು 'ಟ್ರೇಂ' ಎನ್ನುತ್ತಾರೆ, ಪೋರ್ಚುಗಲ್‌ನಲ್ಲಿ 'ಕೊಂಬೋಯು'. ಬಸ್ಸಿಗೂ ಬೇರೆ ಪದ. ಉಚ್ಚಾರಣೆಯಲ್ಲಂತೂ ಪೋರ್ಚುಗಲ್‌ನವರು ಅರ್ಧ ಸ್ವರಗಳನ್ನು ನುಂಗಿಬಿಡುತ್ತಾರೆ, ಕಿವಿಗೆ ಬೀಳುವುದೇ ಕಷ್ಟ. ಅದಕ್ಕೇ ಊರಿನವರ ಬಾಯಿಂದಲೇ ಪದ ಕಲಿಯಬೇಕು ಅಂತ ಹಟ.

ಪೋರ್ಟೊದ ಬೊಲ್ಯಾಂವ್ ಮಾರುಕಟ್ಟೆಯಲ್ಲಿ ಮೀನು, ಹಣ್ಣು, ಚೀಸ್ ಮಾರುವವರ ಹತ್ತಿರ ವಸ್ತು ತೋರಿಸಿ 'ಕೋಮು ಸ ದೀಜ್ ಇಶ್ತು?' (ಇದಕ್ಕೆ ಏನಂತಾರೆ?) ಅಂತ ಕೇಳಬಹುದಾ? ವ್ಯಾಪಾರದ ಹೊತ್ತಿನಲ್ಲಿ ಕಿರಿಕಿರಿ ಆಗುತ್ತದಾ? ಏನಾದರೂ ಕೊಂಡ ಮೇಲೆ ಕೇಳುವುದೇ ಮರ್ಯಾದೆ ಅಂತ ನನಗನಿಸುತ್ತದೆ. ವಯಸ್ಸಾದವರನ್ನು 'ವೊಸೆ' (ನೀವು) ಅನ್ನದೆ 'ಅ ಸಿನ್ಯೋರ' (ಹೆಂಗಸರಿಗೆ), 'ಉ ಸಿನ್ಯೋರ್' (ಗಂಡಸರಿಗೆ) ಅಂತ ಗೌರವದಿಂದ ಅನ್ನಬೇಕು ಅಲ್ವಾ?

ಇನ್ನೊಂದು, ಇದೇ ನನಗೆ ಜಾಸ್ತಿ ಮುಖ್ಯ. ನಾನು ತಡವರಿಸಿದರೆ ಅಲ್ಲಿನ ಜನ ಪ್ರೀತಿಯಿಂದಲೇ ಇಂಗ್ಲಿಷ್‌ಗೆ ತಿರುಗುತ್ತಾರಂತೆ. ಅವರಿಗೆ ಬೇಸರವಾಗದ ಹಾಗೆ 'ದಯವಿಟ್ಟು ಪೋರ್ಚುಗೀಸ್‌ನಲ್ಲೇ ಹೇಳಿ, ಕಲಿಯುತ್ತಿದ್ದೇನೆ' ಅನ್ನುವುದು ಹೇಗೆ? 'ಮಾಯ್ಶ್ ದವಗಾರ್, ಪುರ್ ಫವೋರ್' (ಸ್ವಲ್ಪ ನಿಧಾನ) ಒಂದೇ ಸಾಕಾ?

ದ್ರಾಕ್ಷಿ ತೋಟ, ಕೊಯ್ಲು, ವೈನ್ ಬಗ್ಗೆ ಅಲ್ಲಿಯವರು ದಿನಾ ಬಳಸುವ ಪದಗಳನ್ನೂ ಬರೆಯಿರಿ. ಕನ್ನಡ ಲಿಪಿಯಲ್ಲಿ, ನಿಮಗೆ ಕೇಳಿಸುವ ಹಾಗೇ ಬರೆದರೆ ಸಾಕು.